ಮಾತು ಕಳಚಿಟ್ಟ ಹಾಡುಗಳು

ಹಾಡೊಂದರಿಂದ ಮಾತನ್ನು ಕಳಚಿದರೆ ಉಳಿಯುವುದೇನು? ಉಳಿದದ್ದನ್ನೂ ಆ ಹಾಡೆಂದೇ ಕರೆಯಬಹುದೆ? ಈ ಪ್ರಶ್ನೆ ಸೌಂದರ್ಯಮೀಮಾಂಸೆಯ ತರಗತಿಗೆ ಸೇರಿದ್ದೆಂದು ತೋರಬಹುದು. ಆದರೆ ಕೋಲ್ಕತ್ತದಲ್ಲಿ ಅದು ಬೀದಿಯ ಪ್ರಶ್ನೆ. ಪರಭಾಷೆಯ ಊರಿನಲ್ಲಿ ನೆಲೆಸಿದ ನಮ್ಮಂಥವರಿಗೆ ಅದು ಬದುಕಿನ ಪ್ರಶ್ನೆಯೂ ಹೌದು. ಬಂಗಾಳಿಯ ನಾಲ್ಕು ಮಾತು ಬಾಯಿಗೆ ಹತ್ತುವ ಮೊದಲೇ ಈ ನಗರದ ಧಾಟಿಗಳು ಕಿವಿಗೆ ಹತ್ತಿರುತ್ತವೆ. ದುರ್ಗಾಪೂಜೆಯ ಪೆಂಡಾಲಿನ ಧ್ವನಿವರ್ಧಕದಿಂದಲೋ, ಹಳೆಯ ರೇಡಿಯೊದಲ್ಲಿ ಎರಡು ಕಾರ್ಯಕ್ರಮಗಳ ನಡುವಣ ಬಿಡುವನ್ನು ತುಂಬಲು ಹಾಕುತ್ತಿದ್ದ ವಾದ್ಯಸಂಗೀತದಿಂದಲೋ, ಉಕ್ಕಿನ ತಂತಿಯೊಂದು ಜಾರುತ್ತ, ನಡುಗುತ್ತ, ಮನುಷ್ಯಕಂಠವನ್ನು ಅನುಕರಿಸುತ್ತ ಹಾಡಿದ್ದನ್ನು ಇಲ್ಲಿ ಕೇಳದವರು ಕಡಿಮೆ. ಹಾಡಿನ ಅರ್ಥ ತಿಳಿಯದಿದ್ದರೂ ಹಾಡು ನಮ್ಮದಾಗುತ್ತಿತ್ತು.

ಆ ನಾದದ ಹಿಂದೆ ಒಂದು ಚರಿತ್ರೆಯಿದೆ. ಜನಪ್ರಿಯ ಹಾಡುಗಳನ್ನು ವಿದ್ಯುತ್ ಗಿಟಾರು, ಯೂನಿವಾಕ್ಸ್ ಮೊದಲಾದ ವಾದ್ಯಗಳಲ್ಲಿ ಮರಳಿ ನುಡಿಸಿ ಧ್ವನಿಮುದ್ರಿಸುವ ಪದ್ಧತಿ ಕೋಲ್ಕತ್ತದಲ್ಲಿ ದಶಕಗಳ ಕಾಲ ಬಾಳಿತು. ಇಂದು 'ಕವರ್ ವರ್ಷನ್' ಎಂದು ಕರೆಸಿಕೊಳ್ಳುವುದನ್ನೇ ಆ ಕಲಾವಿದರು ಯಾವ ಹೆಸರಿನ ಹಂಗೂ ಇಲ್ಲದೆ ಮಾಡಿದರು. ನಾವಿಲ್ಲಿ ಅದನ್ನು ಮರುವಾದನವೆಂದು ಕರೆಯೋಣ. ಅದನ್ನು ಅಗ್ಗದ ಅನುಕರಣೆಯೆಂದು ಬದಿಗೆ ಸರಿಸುವ ಮುನ್ನ, ಹಾಡಿನ ಒಡೆತನದ ಬಗ್ಗೆ ಅದು ನಮಗೆ ಕಲಿಸಬಲ್ಲ ಪಾಠವೊಂದಿದೆ ಎಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

ಮೊದಲು ವಾದ್ಯದ ಮಾತು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಹವಾಯಿ ದ್ವೀಪದ ಜೋಸೆಫ್ ಕೆಕುಕು ಗಿಟಾರನ್ನು ತೊಡೆಯ ಮೇಲೆ ಮಲಗಿಸಿ, ತಂತಿಗಳ ಮೇಲೆ ಉಕ್ಕಿನ ತುಂಡನ್ನು ಜಾರಿಸಿ ನುಡಿಸುವ ವಿಧಾನವನ್ನು ರೂಢಿಗೆ ತಂದನೆನ್ನುತ್ತಾರೆ. 1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನಡೆದ ಪನಾಮಾ–ಪೆಸಿಫಿಕ್ ವಸ್ತುಪ್ರದರ್ಶನದ ನಂತರ ಆ ನಾದ ಅಮೆರಿಕವನ್ನು ಆವರಿಸಿತು. ಅಲ್ಲಿಂದ ಹಡಗು ಹತ್ತಿ ಪೂರ್ವದ ಬಂದರುಗಳಿಗೂ ಬಂದಿತು. ಜಗತ್ತಿನ ಮಾರುಕಟ್ಟೆಯಲ್ಲಿ ಗೆದ್ದ ಮೊದಲ ವಿದ್ಯುತ್ ಗಿಟಾರು ರಾಕ್ ಸಂಗೀತಕ್ಕಾಗಿ ಹುಟ್ಟಿದ್ದಲ್ಲ. 1932ರಲ್ಲಿ ಮಾರಾಟಕ್ಕೆ ಬಂದ ರಿಕನ್‌ಬ್ಯಾಕರ್ ಸಂಸ್ಥೆಯ ಆ ಅಲ್ಯೂಮಿನಿಯಂ ವಾದ್ಯ ತೊಡೆಯ ಮೇಲಿಟ್ಟು ನುಡಿಸುವ ಹವಾಯಿಯನ್ ಗಿಟಾರೇ ಆಗಿತ್ತು. ಆಕಾರ ನೋಡಿ ಜನ ಅದನ್ನು 'ಬಾಣಲೆ' ಎಂದು ಕರೆದರು. ತಂತಿಯ ಕೆಳಗೆ ಒಂದು ಅಯಸ್ಕಾಂತ, ಅದನ್ನು ಸುತ್ತಿದ ತಾಮ್ರದ ಸುರುಳಿ. ಉಕ್ಕಿನ ತಂತಿ ಕಂಪಿಸಿದಾಗ ಸುರುಳಿಯಲ್ಲಿ ಸಣ್ಣ ವಿದ್ಯುತ್ತು ಹುಟ್ಟುತ್ತದೆ. ಆಂಪ್ಲಿಫಯರು ಅದನ್ನು ಹಿಗ್ಗಿಸಿ ಧ್ವನಿವರ್ಧಕಕ್ಕೆ ಕಳಿಸುತ್ತದೆ.

ಮೇಲ್ನೋಟಕ್ಕೆ ಸರಳವಾದ ಈ ಏರ್ಪಾಡು ನಮ್ಮ ಸಂಗೀತಕ್ಕೆ ಹೊಂದಿಕೊಂಡದ್ದು ಎರಡು ಕಾರಣಗಳಿಂದ. ಉಕ್ಕಿನ ತುಂಡು ತಂತಿಯ ಮೇಲೆ ಜಾರುವುದರಿಂದ ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವಾಗ ನಡುವಣ ದಾರಿಯೆಲ್ಲ ಕೇಳಿಸುತ್ತದೆ. ಹಿಂದೂಸ್ತಾನಿಯವರು ಮೀಂಡ್ ಎನ್ನುವುದೂ, ಕರ್ನಾಟಕ ಸಂಗೀತದವರು ಜಾರು ಎನ್ನುವುದೂ ಅದನ್ನೇ. ಎರಡನೆಯದಾಗಿ, ಮೀಟಿದ ಕ್ಷಣದಲ್ಲೇ ಸಾಯುವ ನಾದವನ್ನು ವಿದ್ಯುತ್ತು ಎತ್ತಿ ಹಿಡಿಯುತ್ತದೆ. ಉಸಿರಿರುವವರೆಗೆ ಹಾಡುಗಾರ ಎಳೆದ ಸ್ವರದಂತೆ ಅದು ನಿಲ್ಲುತ್ತದೆ. ಇದೇ ಕಾಲದಲ್ಲಿ ಹಾರ್ಮೋನಿಯಂ ಪಟ್ಟ ಪಾಡನ್ನು ನೆನೆದರೆ ಈ ಮಾತಿನ ತೂಕ ತಿಳಿಯುತ್ತದೆ. ಮನೆಗಳನ್ನು ಮುಟ್ಟುಗಳಲ್ಲಿ ಬಿಗಿದಿಟ್ಟ ಆ ವಾದ್ಯವನ್ನು ಆಕಾಶವಾಣಿ 1940ರ ಮಾರ್ಚ್‌ನಲ್ಲಿ ದೂರವಿಟ್ಟಿತು. ರವೀಂದ್ರನಾಥ ಠಾಕೂರರೂ ಆ ವರ್ಷದ ಜನವರಿಯಲ್ಲಿ ಕೋಲ್ಕತ್ತ ಕೇಂದ್ರಕ್ಕೆ ಪತ್ರ ಬರೆದು ಹಾರ್ಮೋನಿಯಮ್ಮನ್ನು ವಿರೋಧಿಸಿದ್ದರು. ಆ ನಿಷೇಧ ಸಡಿಲಗೊಂಡದ್ದು 1971ರಲ್ಲಿ. ಹಾರ್ಮೋನಿಯಂ ಹೊರಗೆ ನಿಂತ ಬಾಗಿಲಿನಿಂದಲೇ ಹವಾಯಿಯ ಗಿಟಾರು ಒಳಗೆ ಬಂದಿತು. ಎರಡೂ ಪರದೇಶದವೇ. ಒಂದಕ್ಕೆ ಜಾರಲು ಬರುತ್ತಿರಲಿಲ್ಲ, ಇನ್ನೊಂದಕ್ಕೆ ಬರುತ್ತಿತ್ತು. ಅಷ್ಟೇ ವ್ಯತ್ಯಾಸ.

ಕೋಲ್ಕತ್ತಕ್ಕೆ ಆ ನಾದವನ್ನು ತಂದವರಲ್ಲಿ ಸಮೋವಾ ಮೂಲದ ಟಾವ್ ಮೋ ಪ್ರಮುಖ. ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಆತ ಕುಟುಂಬದೊಡನೆ ಈ ನಗರದಲ್ಲಿ ನೆಲೆಸಿ ನುಡಿಸಿದ, ಕಲಿಸಿದ. ಇದೇ ಊರಿನ ಗಾರ್ನಿ ನಿಸ್ 'ಅಲೋಹಾ ಬಾಯ್ಸ್' ಎಂಬ ತಂಡ ಕಟ್ಟಿ ತಟ್ಟೆಗಳನ್ನು ಹೊರತಂದ. ಧ್ವನಿಮುದ್ರಣಕ್ಕೆ ಬೇಕಾದ ನೆಲವೂ ಇಲ್ಲಿ ಸಿದ್ಧವಿತ್ತು. 1902ರಲ್ಲಿ ಫ್ರೆಡ್ ಗೈಸ್‌ಬರ್ಗ್ ಗೌಹರ್ ಜಾನಳ ಕಂಠವನ್ನು ಮುದ್ರಿಸಿಕೊಂಡದ್ದು ಈ ನಗರದಲ್ಲಿ. ಗ್ರಾಮಫೋನ್ ಕಂಪನಿ ತನ್ನ ಭಾರತದ ಮೊದಲ ಕಾರ್ಖಾನೆಯನ್ನು ತೆರೆದದ್ದು ಇಲ್ಲಿಯ ಸಿಯಾಲ್ದಾದಲ್ಲಿ. ಮುಂದೆ ಅದು ದಮ್‌ದಮ್‌ಗೆ ಸ್ಥಳಾಂತರಗೊಂಡಿತು. ದಕ್ಷಿಣ ಭಾರತದ ಮನೆಗಳಲ್ಲಿ ತಿರುಗುತ್ತಿದ್ದ ಎಷ್ಟೋ ತಟ್ಟೆಗಳ ಮೇಲೆ ಅಚ್ಚಾಗಿದ್ದ 'ದಮ್‌ದಮ್' ಎಂಬ ಹೆಸರನ್ನು ನಮ್ಮ ಹಿರಿಯರು ಓದಿಯೇ ಇರುತ್ತಾರೆ.

ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ಈ ಮರುವಾದನಕ್ಕೆ ಮೂವರು ಗಿಟಾರುವಾದಕರು ಮುಖ್ಯವಾಗಿ ಮುಖ ಕೊಟ್ಟರು. ಸುನೀಲ್ ಗಂಗೂಲಿಯವರು ಹಿಂದಿ ಚಿತ್ರಗೀತೆಗಳನ್ನು ವಿದ್ಯುತ್ ಗಿಟಾರಿನಲ್ಲಿ ನುಡಿಸಿ ದೇಶದಾದ್ಯಂತ ಪರಿಚಿತರಾದರು. ಬಟುಕ್ ನಂದಿಯವರ ಗಿಟಾರು ರವೀಂದ್ರಸಂಗೀತವನ್ನು ಮನೆಮನೆಗೆ ಮುಟ್ಟಿಸಿತು. ಕವಿ ಕಾಜಿ ನಜ್ರುಲ್ ಇಸ್ಲಾಮರ ಮಗ ಕಾಜಿ ಅನಿರುದ್ಧ ತಮ್ಮ ತಂದೆಯ ಗೀತೆಗಳ ಸ್ವರಲಿಪಿಯನ್ನು ಸಂಗ್ರಹಿಸಿ ಕಾಪಾಡಿದವರು; ಅವರೂ ಗಿಟಾರುವಾದಕರು. ಅವರು 1974ರಲ್ಲಿ ನಡುವಯಸ್ಸಿನಲ್ಲೇ ತೀರಿಕೊಂಡರು. ಇದೇ ಸಮಯದಲ್ಲಿ ಮುಂಬಯಿಯಲ್ಲಿ ವಾನ್ ಶಿಪ್ಲೆ ಇಂಥದೇ ತಟ್ಟೆಗಳನ್ನು ಹೊರಡಿಸುತ್ತಿದ್ದರು. ಆದರೆ ಗಿಟಾರು ಮಧ್ಯಮವರ್ಗದ ಮನೆಯ ನಡುಮನೆಯಲ್ಲಿ ತೊಡೆಯೇರಿ ಕೂತದ್ದು, ಸಂಜೆಯ ಹೊತ್ತು ಹೆಣ್ಣುಮಕ್ಕಳು ಸ್ವರಲಿಪಿ ಮುಂದಿಟ್ಟುಕೊಂಡು ಅಭ್ಯಾಸ ಮಾಡುವ ವಾದ್ಯವಾದದ್ದು ಬಂಗಾಳದಲ್ಲಿ. ನಮ್ಮಲ್ಲಿ ವೀಣೆಗಿದ್ದ ಸ್ಥಾನದ ಒಂದಂಶ ಇಲ್ಲಿ ಹವಾಯಿಯನ್ ಗಿಟಾರಿಗೆ ದೊರೆಯಿತು. ಲಾಲ್‌ಬಜಾರಿನಿಂದ ಚಿತ್ಪುರದ ಕಡೆಗೆ ಸಾಗುವ ರವೀಂದ್ರ ಸರಣಿಯ ವಾದ್ಯದಂಗಡಿಗಳು ಆ ಬೇಡಿಕೆಯಿಂದಲೂ ಬೆಳೆದವು.

ಗಿಟಾರಿನ ಜೊತೆಗೆ ಇನ್ನೊಂದು ವಾದ್ಯದ ಕಥೆಯೂ ಸೇರಬೇಕು. 1940ರ ದಶಕದ ಕೊನೆಗೆ ಫ್ರಾನ್ಸಿನ ಕಾನ್ಸ್ತಾಂ ಮಾರ್ತಾಂ ಕ್ಲಾವಿಯೊಲಿನ್ ಎಂಬ ಪುಟ್ಟ ಎಲೆಕ್ಟ್ರಾನಿಕ್ ವಾದ್ಯವನ್ನು ರೂಪಿಸಿದ. ಇಂಗ್ಲೆಂಡಿನ ಯೂನಿವಾಕ್ಸ್ ಅದರ ಸೋದರ. ಇವುಗಳಲ್ಲಿ ತಂತಿಯೂ ಇಲ್ಲ, ತಿದಿಯೂ ಇಲ್ಲ. ವಾಲ್ವುಗಳ ವಿದ್ಯುತ್ ಕಂಪನವೇ ನಾದ. ಒಂದು ಸಲಕ್ಕೆ ಒಂದೇ ಸ್ವರ ನುಡಿಯಬಲ್ಲದು. ಪಾಶ್ಚಾತ್ಯರಿಗೆ ಅದು ಕೊರತೆ. ಏಕಸ್ವರದ ಧಾಟಿಯನ್ನೇ ಜೀವವಾಗಿ ಉಳ್ಳ ನಮಗೆ ಅದು ಸಾಕಷ್ಟೇ ಆಗಿತ್ತು. 1954ರ 'ನಾಗಿನ್' ಹಿಂದಿ ಚಿತ್ರಕ್ಕೆ ಸಂಗೀತ ಕೊಟ್ಟವರು ಬಂಗಾಳದ ಹೇಮಂತ ಕುಮಾರ್. ಅದರ ಪ್ರಸಿದ್ಧ ಪುಂಗಿಯ ನಾದ ನಿಜವಾದ ಪುಂಗಿಯದಲ್ಲ. ಮುಂದೆ ಸಂಗೀತ ನಿರ್ದೇಶಕರಾಗಿ ಹೆಸರಾದ ಕಲ್ಯಾಣ್‌ಜಿಯವರು ಕ್ಲಾವಿಯೊಲಿನ್ನಿನಲ್ಲಿ ನುಡಿಸಿದ್ದು ಅದು. ಅದಕ್ಕೆ ರವಿಯವರ ಹಾರ್ಮೋನಿಯಂ ಜೊತೆಗೂಡಿತ್ತು. ಯಂತ್ರ ಪುಂಗಿಯನ್ನು ಅನುಕರಿಸಿತು. ಕೆಲವೇ ವರ್ಷಗಳಲ್ಲಿ ಹಾವಾಡಿಗರು ಆ ಯಂತ್ರದ ಧಾಟಿಯನ್ನು ತಮ್ಮ ಪುಂಗಿಯಲ್ಲಿ ಊದತೊಡಗಿದರು. ಮೂಲ ಯಾವುದು, ನಕಲು ಯಾವುದು ಎಂದು ಗೆರೆ ಎಳೆಯುವವರ ಕೈ ಇಲ್ಲಿ ನಡುಗಬೇಕು.

ಅದೇ 1954ರಲ್ಲಿ ಮುಂಬಯಿಯ ಪಾರ್ಸಿ ಕಲಾವಿದ ವಿ. ಬಾಲ್ಸಾರಾ ಕೋಲ್ಕತ್ತಕ್ಕೆ ಬಂದರು. ಬಂದವರು ಇಲ್ಲಿಯವರೇ ಆಗಿ ಉಳಿದರು. ಪಿಯಾನೊ, ಹಾರ್ಮೋನಿಯಂ, ಯೂನಿವಾಕ್ಸ್ ಎಲ್ಲವೂ ಅವರ ಬೆರಳಿಗೆ ಒಲಿದಿದ್ದವು. ಬಂಗಾಳಿ ಅವರ ಮಾತೃಭಾಷೆಯಲ್ಲ. ಆದರೂ ರವೀಂದ್ರರ ಗೀತೆಗಳನ್ನು ವಾದ್ಯವೃಂದದಲ್ಲಿ ನುಡಿಸಿ ಬಂಗಾಳಿಗರಿಗೇ ಕೇಳಿಸಿದರು. 2005ರಲ್ಲಿ ಅವರು ಕೊನೆಯುಸಿರೆಳೆದದ್ದೂ ಇಲ್ಲೇ. ಈ ಚರಿತ್ರೆಯ ಪಾತ್ರಗಳನ್ನು ಒಟ್ಟಿಗೆ ನಿಲ್ಲಿಸಿ ನೋಡಿದರೆ ನಮಗೊಂದು ಸಂಗತಿ ಹೊಳೆಯುತ್ತದೆ: ಪರಊರಿನವರಿಗೆ ಇಲ್ಲಿ ಮಾತಿಗಿಂತ ಮೊದಲು ಧಾಟಿ ಬಾಗಿಲು ತೆರೆಯಿತು. ಸಮೋವಾದವನು ವಾದ್ಯ ತಂದ, ಪಾರ್ಸಿಯೊಬ್ಬ ರವೀಂದ್ರರನ್ನು ನುಡಿಸಿದ. ಭಾಷೆಯ ಉಚ್ಚಾರಣೆಯಲ್ಲಿ ಸಿಕ್ಕಿಬೀಳುವ ಭಯವಿಲ್ಲದೆ ಹೊರಗಿನವನು ಊರಿನ ಹೃದಯದೊಳಕ್ಕೆ ನಡೆದುಹೋಗಬಹುದಾದ ಓಣಿ ಅದಾಗಿತ್ತು.

ನಗರದ ಇನ್ನೊಂದು ತುದಿಯಲ್ಲಿ, ಪಾರ್ಕ್ ಸ್ಟ್ರೀಟಿನಲ್ಲಿ, ಇನ್ನೊಂದು ಬಗೆಯ ಮರುಗಾಯನ ನಡೆದಿತ್ತು. ಟ್ರಿಂಕಾಸ್, ಮೊಕಾಂಬೊ, ಬ್ಲೂ ಫಾಕ್ಸ್ ಮುಂತಾದ ಭೋಜನಶಾಲೆಗಳಲ್ಲಿ ಅಮೆರಿಕ, ಇಂಗ್ಲೆಂಡುಗಳ ಪಾಪ್, ಜಾಜ್ ಮತ್ತು ಸೋಲ್ ಹಾಡುಗಳು ರಾತ್ರಿಯಿಡೀ ಕೇಳಿಬರುತ್ತಿದ್ದವು. ತಮಿಳು ಮನೆತನದ, ಮುಂಬಯಿಯಲ್ಲಿ ಬೆಳೆದ ಉಷಾ ಅಯ್ಯರ್, ಮುಂದೆ ಉಷಾ ಉತ್ಥುಪ್ ಆದವರು, 1969ರಲ್ಲಿ ಕಾಂಚೀವರಂ ಸೀರೆಯುಟ್ಟು ಟ್ರಿಂಕಾಸ್‌ನಲ್ಲಿ ಹಾಡಿ ನಗರವನ್ನು ಗೆದ್ದರು. ಡಾರ್ಜಿಲಿಂಗಿನ ನೇಪಾಳಿ ಕುಟುಂಬದ ಲೂಯಿಸ್ ಬ್ಯಾಂಕ್ಸ್ ಬ್ಲೂ ಫಾಕ್ಸ್‌ನಲ್ಲಿ ಕೀಲಿಮಣೆಯ ಮುಂದೆ ಕೂರುತ್ತಿದ್ದರು. ಎಪ್ಪತ್ತರ ದಶಕದ ರಾಜಕೀಯ ಕ್ಷೋಭೆ, ಮನರಂಜನಾ ತೆರಿಗೆಯ ಭಾರ, ಬದಲಾದ ಅಭಿರುಚಿ ಎಲ್ಲ ಸೇರಿ ಆ ವೇದಿಕೆಗಳು ಸೊರಗಿದವು. ಅಲ್ಲಿಯ ಹಾಡುಗಳು ಹೆಚ್ಚಾಗಿ ತಟ್ಟೆಗೇರದೆ ಗಾಳಿಯಲ್ಲೇ ಕರಗಿದವು. ಗಿಟಾರುವಾದಕರ ಹಾಡುಗಳಾದರೋ ತಟ್ಟೆಗಳಲ್ಲಿ ಉಳಿದವು; ಮಿರ್ಜಾ ಗಾಲಿಬ್ ಸ್ಟ್ರೀಟಿನ ಹಳೆಯ ರೆಕಾರ್ಡಿನಂಗಡಿಗಳಲ್ಲಿ ಧೂಳೊರೆಸಿಕೊಂಡು ಅವು ಹೊಸ ಕೈಗಳಿಗೆ ಸಿಕ್ಕುತ್ತ ಬಂದಿವೆ.

ಆ ತಟ್ಟೆಗಳ ಹೊದಿಕೆಯನ್ನು ಗಮನಿಸಬೇಕು. ನುಡಿಸಿದವರ ಹೆಸರು ದೊಡ್ಡಕ್ಷರದಲ್ಲಿ. ಪಕ್ಕದಲ್ಲಿ 'ಎಲೆಕ್ಟ್ರಿಕ್ ಗಿಟಾರ್' ಎಂಬ ವಿವರ. ಬೆನ್ನಿಗೆ ಹಾಡುಗಳ ಹೆಸರು, ಚಿತ್ರಗೀತೆಯಾದರೆ ಚಿತ್ರದ ಹೆಸರು. ಹಾಡು ತನ್ನದೆಂದು ವಾದಕ ಹೇಳಿಕೊಳ್ಳುವುದಿಲ್ಲ. ಈ ವಿನಯ ಆಡಂಬರದ್ದಲ್ಲ, ವ್ಯವಹಾರದ್ದು: ಕೊಳ್ಳುವವನಿಗೆ ಮೂಲ ಯಾವುದೆಂದು ತಿಳಿದಿರಬೇಕು, ತಿಳಿದಿದ್ದರಷ್ಟೇ ಅವನು ಮಾತಿಲ್ಲದ ಕಡೆ ತಾನೇ ಮನಸ್ಸಿನಲ್ಲಿ ಮಾತು ತುಂಬಿಕೊಳ್ಳಬಲ್ಲ. ವಿವಿಧಭಾರತಿಯ 'ಸಾಜ್ ಔರ್ ಆವಾಜ್' ಕಾರ್ಯಕ್ರಮವು ಇದೇ ಸಂಬಂಧವನ್ನು ಬೇರೊಂದು ರೀತಿಯಲ್ಲಿ ಮುಂದಿಟ್ಟಿತು: ಒಂದು ಹಾಡನ್ನು ವಾದ್ಯದಲ್ಲಿ ಕೇಳಿಸುವುದು, ಅದನ್ನೇ ಕಂಠದಲ್ಲಿ ಕೇಳಿಸುವುದು. ಸಾಲ ಪಡೆದವನೂ ಸಾಲ ಕೊಟ್ಟವನೂ ಒಂದೇ ಪಂಕ್ತಿಯಲ್ಲಿ ಕೂತ ಹಾಗೆ.

ಬಂಗಾಳಕ್ಕೆ ಈ ಸಾಲದ ಲೆಕ್ಕ ಹೊಸದೇನಲ್ಲ. ರವೀಂದ್ರರು ಇತರರ ಧಾಟಿಗಳಿಗೆ ತಮ್ಮ ಮಾತು ಹೊಂದಿಸಿ ರಚಿಸಿದ ಗೀತೆಗಳಿಗೆ ಇಲ್ಲಿ 'ಭಾಂಗಾ ಗಾನ್' ಎಂಬ ಹೆಸರಿದೆ. ಒಡೆದು ಕಟ್ಟಿದ ಹಾಡು ಎಂದು ಅರ್ಥ. ಸ್ಕಾಟ್ಲೆಂಡಿನ ಜನಪದ ಧಾಟಿಗಳು, ಹಿಂದೂಸ್ತಾನಿಯ ಬಂದಿಶ್‌ಗಳು, ದಕ್ಷಿಣದ ಕೃತಿಗಳು ಎಲ್ಲವೂ ಅಲ್ಲಿವೆ. ಕನ್ನಡಿಗರಾದ ನಾವು ಇಲ್ಲಿ ಕಿವಿ ನಿಮಿರಿಸಬೇಕು. 1883ರಲ್ಲಿ ತರುಣ ರವೀಂದ್ರರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿ ತಂಗಿದ್ದರು. ಬಂಗಾಳದಲ್ಲಿ ಇಂದಿಗೂ ಪ್ರಾರ್ಥನೆಯಾಗಿ ಹಾಡುವ 'ಬಡೊ ಆಶಾ ಕೊರೆ' ಗೀತೆಯ ಧಾಟಿಯ ಮೂಲ 'ಸಖಿ ಬಾ ಬಾ' ಎಂಬ ಕನ್ನಡ ಹಾಡೆಂದು ರವೀಂದ್ರಸಂಗೀತದ ವಿದ್ವಾಂಸರು ದಾಖಲಿಸಿದ್ದಾರೆ. 'ಆಜಿ ಶುಭದಿನೆ' ಎಂಬ ಇನ್ನೊಂದು ಗೀತೆಯ ಮೂಲವೂ ಕನ್ನಡದ್ದೇ. 1890ರ ದಶಕದಲ್ಲಿ ರವೀಂದ್ರರ ಸೋದರಸೊಸೆ ಸರಳಾದೇವಿ ಮೈಸೂರಿನ ಮಹಾರಾಣಿ ಶಾಲೆಯಲ್ಲಿ ಕೆಲಕಾಲ ಪಾಠ ಹೇಳಿದರು. ಮರಳುವಾಗ ಅಲ್ಲಿಯ ಧಾಟಿಗಳನ್ನು ಮಾವನಿಗೆ ಉಡುಗೊರೆಯಾಗಿ ತಂದರು. ಅವುಗಳಿಂದ ಮೂಡಿದ ಗೀತೆಗಳಲ್ಲಿ 'ಆನಂದಲೋಕೆ' ಒಂದು. ಮೈಸೂರಿನ ಭಜನೆಯ ಆ ಧಾಟಿ ಜೋಡಾಸಾಂಕೊಗೆ ಬಂದು, ಬ್ರಾಹ್ಮಸಮಾಜದ ಪ್ರಾರ್ಥನೆಯ ಮಾತು ತೊಟ್ಟು, ಬಂಗಾಳದ ಸಭೆ ಸಮಾರಂಭಗಳ ಮಂಗಳಗೀತೆಯಾಯಿತು.

ಇದೆಲ್ಲ ನಮಗೆ ಹೇಗೆ ತಿಳಿಯಿತು? ರವೀಂದ್ರರ ಸೋದರನ ಮಗಳು ಇಂದಿರಾದೇವಿ ಚೌಧುರಾಣಿಯವರು ಮೂಲ ಹಾಡುಗಳನ್ನೂ ಅವುಗಳಿಂದ ಹುಟ್ಟಿದ ಗೀತೆಗಳನ್ನೂ ಎದುರುಬದುರು ಇಟ್ಟು ಪಟ್ಟಿ ಮಾಡಿದ್ದರಿಂದ. ಸರಳಾದೇವಿ ತಮ್ಮ ಆತ್ಮಕಥೆಯಲ್ಲಿ ಬರೆದಿಟ್ಟದ್ದರಿಂದ. ಮಹಾಕವಿಯ ಹಾಡು ಎಲ್ಲಿಂದ ಬಂತೆಂದು ಹೇಳಿದರೆ ಅವರ ಕೀರ್ತಿ ಕುಂದೀತೆಂದು ಆ ಮನೆತನದವರು ಅಂಜಲಿಲ್ಲ. ಮರುವಾದನದ ನೈತಿಕತೆಗೆ ಇದಕ್ಕಿಂತ ಒಳ್ಳೆಯ ಮೇಲ್ಪಂಕ್ತಿ ಬೇಕಿಲ್ಲ. ಸಾಲ ಮಾಡುವುದು ತಪ್ಪಲ್ಲ. ಸಾಲದ ಪತ್ರವನ್ನು ಸುಟ್ಟುಹಾಕುವುದು ತಪ್ಪು.

ಹೀಗೆ ತೆರೆದ ಕೈಯಿಂದ ಕೂಡಿದ ಸಂಪತ್ತು ಮುಂದೆ ಬಿಗಿಯಾದ ಕಾವಲಿಗೆ ಒಳಗಾಯಿತು. ರವೀಂದ್ರಸಂಗೀತದ ಧ್ವನಿಮುದ್ರಣಗಳಿಗೆ ವಿಶ್ವಭಾರತಿ ಸಂಗೀತ ಮಂಡಳಿಯ ಅನುಮೋದನೆ ಬೇಕಿತ್ತು. ಮಹಾನ್ ಗಾಯಕ ದೇವವ್ರತ ಬಿಸ್ವಾಸರ ಕೆಲವು ಹಾಡುಗಳಿಗೆ ಮಂಡಳಿ ಆಕ್ಷೇಪಿಸಿದ್ದರ ಕಾರಣಗಳಲ್ಲಿ ವಾದ್ಯಗಳ ಬಳಕೆಯೂ ಒಂದು. ನೊಂದ ಅವರು 1970ರ ದಶಕದ ಆರಂಭದಲ್ಲಿ ರವೀಂದ್ರಸಂಗೀತದ ಧ್ವನಿಮುದ್ರಣವನ್ನೇ ನಿಲ್ಲಿಸಿದರು. ಆ ಯಾತನೆಯನ್ನು ತಮ್ಮ ಆತ್ಮಕಥೆಯಲ್ಲಿ ತೋಡಿಕೊಂಡರು. ರವೀಂದ್ರರ ಕೃತಿಗಳ ಹಕ್ಕುಸ್ವಾಮ್ಯ 1991ರ ಕೊನೆಗೆ ಮುಗಿಯಬೇಕಿತ್ತು. ಕಾನೂನಿನ ತಿದ್ದುಪಡಿಯಿಂದ ಹತ್ತು ವರ್ಷ ಮುಂದೆ ಹೋಗಿ 2001ರ ಕೊನೆಗೆ ತೀರಿತು. ಅನಂತರ ಎಲೆಕ್ಟ್ರಾನಿಕ್ ತಾಳ, ಸಿಂಥಸೈಜರು, ರಾಕ್ ಗಿಟಾರುಗಳೊಡನೆ ರವೀಂದ್ರಗೀತೆಗಳು ಹೊರಬರತೊಡಗಿದವು. 2006ರ 'ದಿ ಬಾಂಗ್ ಕನೆಕ್ಷನ್' ಚಿತ್ರದಲ್ಲಿ 'ಪಾಗ್ಲಾ ಹವಾ' ಗೀತೆಯ ನಡುವೆ ಹೊಸ ಮಾತುಗಳನ್ನು ಸೇರಿಸಿದ್ದಕ್ಕೆ ಹಿರಿಯರು ಹುಬ್ಬು ಗಂಟಿಕ್ಕಿದರು, ಕಿರಿಯರು ಕುಣಿದರು.

ಹೊರಜಗತ್ತಿನಲ್ಲಿಯೂ ಈ ಹೊತ್ತಿಗೆ ಎಲೆಕ್ಟ್ರಾನಿಕ್ ಮರುವಾದನ ದೊಡ್ಡ ದಾರಿಯೇ ಆಗಿತ್ತು. 1968ರಲ್ಲಿ ವೆಂಡಿ ಕಾರ್ಲೋಸ್ ಮೂಗ್ ಸಿಂಥಸೈಜರಿನಲ್ಲಿ ಬಾಖ್‌ನ ಕೃತಿಗಳನ್ನು ನುಡಿಸಿ ಯಂತ್ರಕ್ಕೂ ಸಂಗೀತ ಬರುತ್ತದೆಂದು ತೋರಿಸಿದರು. 1981ರಲ್ಲಿ ಇಂಗ್ಲೆಂಡಿನ ಸಾಫ್ಟ್ ಸೆಲ್ ಎಂಬ ಇಬ್ಬರ ತಂಡ 'ಟೇಂಟೆಡ್ ಲವ್' ಹಾಡನ್ನು ಬರಿಯ ಸಿಂಥಸೈಜರಿನ ಮೇಲೆ ಹಾಡಿ ಹಲವು ದೇಶಗಳಲ್ಲಿ ಗೆದ್ದಿತು. ಅದು 1960ರ ದಶಕದ ನಡುವೆ ಗ್ಲೋರಿಯಾ ಜೋನ್ಸ್ ಎಂಬ ಕಪ್ಪುಜನಾಂಗದ ಗಾಯಕಿ ಹಾಡಿದ್ದ ಸೋಲ್ ಗೀತೆ. ಆಗ ಅದು ಹೆಸರು ಮಾಡಿರಲಿಲ್ಲ. ಸಾಫ್ಟ್ ಸೆಲ್‌ನವರು ತಟ್ಟೆಯ ಹಿಂಬದಿಗೂ ಇನ್ನೊಬ್ಬರ ಸೋಲ್ ಹಾಡನ್ನೇ ಹಾಕಿದ್ದರಿಂದ ರಚನೆಯ ಗೌರವಧನದಲ್ಲಿ ಅವರ ಪಾಲು ಸೊನ್ನೆಯಾಯಿತು. ಹಾಡು ಬರೆದ ಎಡ್ ಕಾಬ್‌ಗೆ ಹಣ ಸಂದಿತು. ಮೊದಲು ಹಾಡಿದ ಗ್ಲೋರಿಯಾ ಜೋನ್ಸಳಿಗೆ ಸಂದದ್ದು ತಡವಾದ ಕೀರ್ತಿ. ಕಾನೂನು ರಚನಕಾರನನ್ನು ಬಲ್ಲದು. ಕಂಠವನ್ನೂ ಬೆರಳನ್ನೂ ಅಷ್ಟಾಗಿ ಅರಿಯದು.

ನಮ್ಮ ದೇಶದಲ್ಲಿ ಎಂಬತ್ತರ ದಶಕದ ಕ್ಯಾಸೆಟ್ಟುಗಳು ಈ ದಾರಿಯನ್ನು ಹೆದ್ದಾರಿ ಮಾಡಿದವು. ಹಳೆಯ ಹಾಡುಗಳನ್ನು ಹೊಸ ಕಂಠಗಳಲ್ಲಿ, ಅಗ್ಗದ ಬೆಲೆಗೆ, ವಾದ್ಯವೃಂದದ ಬದಲು ಕೀಬೋರ್ಡು ಬಳಸಿ ಮಾರಲಾಯಿತು. ಹಳೆಯ ಹಾಡಿನ ಮೇಲೆ ಎಲೆಕ್ಟ್ರಾನಿಕ್ ತಾಳ ಹೇರಿದ 'ಝಂಕಾರ್ ಬೀಟ್ಸ್' ಟ್ರಕ್ಕು, ಬಸ್ಸುಗಳಲ್ಲಿ ಮೊಳಗಿತು. ಕೋಲ್ಕತ್ತದ ಕುಮಾರ್ ಸಾನು ಕಿಶೋರ್ ಕುಮಾರರ ಹಾಡುಗಳನ್ನು ಹಾಡಿ ಹೆಸರಾದದ್ದೂ ಈ ಅಲೆಯಲ್ಲಿಯೇ. ವಿಪರ್ಯಾಸವೆಂದರೆ, ಸುನೀಲ್ ಗಂಗೂಲಿಯವರಂಥ ವಾದಕರನ್ನು ಬದಿಗೆ ಸರಿಸಿದ್ದೂ ಅದೇ ಅಲೆ. ತೊಡೆಯ ಮೇಲೆ ವರ್ಷಗಟ್ಟಲೆ ಅಭ್ಯಾಸ ಬೇಡುವ ಗಿಟಾರಿಗಿಂತ, ಗುಂಡಿ ಒತ್ತಿದರೆ ತಾಳವೂ ಕೂಡಿಬರುವ ಕೀಬೋರ್ಡು ಮಧ್ಯಮವರ್ಗದ ಮಕ್ಕಳಿಗೆ ಸುಲಭವಾಯಿತು. ಜಾರುವ ನಾದ ಮತ್ತೆ ಮನೆಗಳಲ್ಲಿ ಕೂತಿತು. ಹಾರ್ಮೋನಿಯಮ್ಮಿನ ಮೇಲೆ ಹೊರಿಸಿದ್ದ ಹಳೆಯ ದೂರು ಕೀಬೋರ್ಡಿಗೂ ಸಲ್ಲುತ್ತಿತ್ತು, ಆದರೆ ಈಗ ಯಾರೂ ದೂರಲಿಲ್ಲ.

2012ರಲ್ಲಿ ಹಕ್ಕುಸ್ವಾಮ್ಯ ಕಾಯಿದೆಗೆ ತಿದ್ದುಪಡಿ ಬಂದು, ಕವರ್ ವರ್ಷನ್‌ಗಳಿಗೇ ಪ್ರತ್ಯೇಕ ಕಲಮು ಸೇರಿತು. ಮೊದಲ ಧ್ವನಿಮುದ್ರಣವಾದ ವರ್ಷ ಕಳೆದು ಐದು ವರ್ಷ ಮುಗಿಯಬೇಕು. ಗೌರವಧನವನ್ನು ಮುಂಗಡವಾಗಿ ಸಲ್ಲಿಸಬೇಕು. ತಾಂತ್ರಿಕವಾಗಿ ಅಗತ್ಯವಲ್ಲದ, ಒಪ್ಪಿಗೆಯಿಲ್ಲದ ಮಾರ್ಪಾಡು ಕೂಡದು. ಇದು ಕವರ್ ವರ್ಷನ್ ಎಂದು ಹೊದಿಕೆಯ ಮೇಲೆ ನಮೂದಿಸಬೇಕು. ಇಷ್ಟೂ ನ್ಯಾಯವೇ. ಆದರೆ ಅದೇ ಕಲಮು, ಕೊಳ್ಳುವವರ ದಿಕ್ಕು ತಪ್ಪದಿರಲೆಂದು, ಹಿಂದಿನ ಧ್ವನಿಮುದ್ರಣದ ಕಲಾವಿದರ ಹೆಸರನ್ನಾಗಲಿ ಚಿತ್ರವನ್ನಾಗಲಿ ಹೊದಿಕೆಯ ಮೇಲೆ ಹಾಕುವಂತಿಲ್ಲ ಎನ್ನುತ್ತದೆ. ಮೋಸವನ್ನು ತಡೆಯುವ ಉದ್ದೇಶ ಸರಿಯೇ; ಪರಿಣಾಮವಾಗಿ ಋಣವನ್ನು ನೆನೆಯುವ ಬಾಯಿಗೂ ಬೀಗ ಬಿದ್ದಿದೆ. ಸರ್ಕಾರಿ ಕಡತಗಳ ಭಾಷೆಯಲ್ಲಿ ದಿನ ಕಳೆಯುವ ನಮಗೆ ಇಂಥ ವಾಕ್ಯಗಳು ಹೊಸವಲ್ಲ: ಒಂದು ಅನ್ಯಾಯವನ್ನು ತಡೆಯಲು ಬರೆದ ಸಾಲು ಸದ್ದಿಲ್ಲದೆ ಒಂದು ಸೌಜನ್ಯವನ್ನೂ ತಡೆದುಬಿಡುತ್ತದೆ.

ಈ ಎಲ್ಲ ಎಳೆಗಳು ಒಂದೆಡೆ ಗಂಟುಬಿದ್ದದ್ದು 2023ರ ನವೆಂಬರಿನಲ್ಲಿ. 'ಪಿಪ್ಪಾ' ಎಂಬ ಹಿಂದಿ ಚಿತ್ರಕ್ಕಾಗಿ ಎ. ಆರ್. ರೆಹಮಾನ್ ಅವರು ನಜ್ರುಲ್ ಇಸ್ಲಾಮರ ಪ್ರಸಿದ್ಧ ಕಾರಾಗೃಹ ಗೀತೆಯನ್ನು ಬೇರೊಂದು ಧಾಟಿಯಲ್ಲಿ ಪ್ರಸ್ತುತಪಡಿಸಿದರು. 1924ರಲ್ಲಿ ಬ್ರಿಟಿಷ್ ಸರ್ಕಾರ ಮುಟ್ಟುಗೋಲು ಹಾಕಿಕೊಂಡ 'ಭಾಂಗಾರ್ ಗಾನ್' ಸಂಕಲನದ ಗೀತೆ ಅದು. ಗಂಗೆಯ ಎರಡೂ ದಡಗಳಲ್ಲಿ, ಬಾಂಗ್ಲಾದೇಶದಲ್ಲಿಯೂ, ಆಕ್ರೋಶ ಎದ್ದಿತು. ಕವಿಯ ಕುಟುಂಬದವರು ಗೀತೆಯ ಬಳಕೆಗೆ ಒಪ್ಪಿದ್ದು ನಿಜ, ಧಾಟಿಯ ಬದಲಾವಣೆಗೆ ಒಪ್ಪಿರಲಿಲ್ಲ ಎಂದರು. ಒಪ್ಪಿಗೆ ಕೊಟ್ಟಿದ್ದವರು ಕಲ್ಯಾಣಿ ಕಾಜಿ. ನಾವು ಮೇಲೆ ಹೆಸರಿಸಿದ ಗಿಟಾರುವಾದಕ ಕಾಜಿ ಅನಿರುದ್ಧರ ಪತ್ನಿ. ವಿವಾದ ಏಳುವ ಹೊತ್ತಿಗೆ ಅವರು ತೀರಿಕೊಂಡಿದ್ದರು. ಚಿತ್ರದ ನಿರ್ಮಾಪಕರು ಭಾವನೆಗಳಿಗೆ ನೋವಾಗಿದ್ದರೆ ಕ್ಷಮಿಸಿ ಎಂದು ಹೇಳಿಕೆ ಕೊಟ್ಟರು.

ಒಂದೇ ಮನೆಯ ಎರಡು ಪ್ರಸಂಗಗಳನ್ನು ಇಲ್ಲಿ ತೂಗಿ ನೋಡಬಹುದು. ಮಗ ಹಾಡನ್ನು ಗಿಟಾರಿಗೆ ತಂದಾಗ ಮಾತುಗಳೆಲ್ಲ ಹೋಗಿ ಧಾಟಿ ಉಳಿಯಿತು. ಚಲನಚಿತ್ರದಲ್ಲಿ ಮಾತು ಉಳಿದು ಧಾಟಿ ಹೋಯಿತು. ಮೊದಲನೆಯದನ್ನು ಬಂಗಾಳ ಮನೆಯೊಳಗೆ ಕರೆದುಕೊಂಡಿತು. ಎರಡನೆಯದನ್ನು ಹೊಸ್ತಿಲಲ್ಲೇ ನಿಲ್ಲಿಸಿತು. ಅಂದರೆ ಬಂಗಾಳಿಗರ ಪಾಲಿಗೆ ಹಾಡಿನ ಪ್ರಾಣ ಧಾಟಿಯಲ್ಲಿದೆ. ರವೀಂದ್ರ, ನಜ್ರುಲರು ಕವಿಗಳೂ ಹೌದು, ಸ್ವರಸಂಯೋಜಕರೂ ಹೌದು. ಅವರ ಧಾಟಿಗಳು ಸ್ವರಲಿಪಿಯಲ್ಲಿ ಅಚ್ಚಾಗಿವೆ.

ಕನ್ನಡದ ರೂಢಿ ಇದಕ್ಕೆ ತಿರುಗುಮುರುಗು. ದಾಸರ ಪದಗಳ ಮೂಲ ಮಟ್ಟುಗಳು ಬಹುಪಾಲು ಕಳೆದುಹೋಗಿವೆ. ಒಂದೇ ದೇವರನಾಮವನ್ನು ಹತ್ತು ಮಂದಿ ಹತ್ತು ರಾಗಗಳಲ್ಲಿ ಹಾಡಿದರೂ ನಾವು ಬೇಸರಪಡುವುದಿಲ್ಲ. ಬೇಂದ್ರೆ, ಕುವೆಂಪು, ಅಡಿಗರ ಕವಿತೆಗಳಿಗೆ ಸುಗಮಸಂಗೀತದವರು ಬೇರೆ ಬೇರೆ ಸಂಯೋಜನೆ ಮಾಡಿದ್ದಾರೆ. ಕೇಳುಗರು ತಮ್ಮಿಷ್ಟದ್ದನ್ನು ಆಯ್ದುಕೊಂಡಿದ್ದಾರೆ. ಒಂದು ಶಬ್ದ ಬದಲಾದರೆ ಮಾತ್ರ ಜಗಳ. ನಾಡಗೀತೆಯ ವಿಷಯದಲ್ಲಿ ಈ ರೂಢಿ ಮೊದಲ ಸಲ ಸರ್ಕಾರದ ಮೇಜಿನ ಮೇಲೆ ಪರೀಕ್ಷೆಗೆ ಬಂತು. 2004ರಲ್ಲಿ ಕುವೆಂಪು ಅವರ ಗೀತೆಯನ್ನು ನಾಡಗೀತೆಯೆಂದು ಅಂಗೀಕರಿಸಲಾಯಿತು. ಮೈಸೂರು ಅನಂತಸ್ವಾಮಿಯವರ ಧಾಟಿಯೋ ಸಿ. ಅಶ್ವಥ್ ಅವರದೋ ಎಂಬ ಚರ್ಚೆ ವರ್ಷಗಳ ಕಾಲ ಎಳೆಯಿತು. 2022ರಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿಯನ್ನು, ಎರಡೂವರೆ ನಿಮಿಷದ ಅವಧಿಯೊಂದಿಗೆ, ನಿಗದಿ ಮಾಡಿತು. ಕವಿಯ ಮಾತು ಎಲ್ಲರಿಗೂ ಒಪ್ಪಿತವೇ ಇತ್ತು. ಧಾಟಿ ಒಂದೇ ಇರಬೇಕೆಂಬ ಕಲ್ಪನೆ ನಮಗೆ ಹೊಸದಾಗಿತ್ತು.

ಬಂಗಾಳದ ರೂಢಿ ಮೇಲೋ ನಮ್ಮದು ಮೇಲೋ ಎಂಬ ತೀರ್ಪು ನಮಗೆ ಬೇಕಿಲ್ಲ. ಎರಡೂ ರೂಢಿಗಳು ಒಂದು ವಿಷಯದಲ್ಲಿ ಕೂಡುತ್ತವೆ. ದಾಸರ ಪದದ ರಾಗ ಬದಲಿಸಿ ಹಾಡುವವರೂ ಕೊನೆಯ ಅಂಕಿತವನ್ನು ಬಿಡುವುದಿಲ್ಲ. 'ಪುರಂದರವಿಠಲ' ಎಂದು ಹೇಳಿಯೇ ಮುಗಿಸುತ್ತಾರೆ. ಅಂಕಿತವೇ ನಮ್ಮ ಸಾಲಪತ್ರ. ಭಾಂಗಾ ಗಾನದ ಪಟ್ಟಿ ಅವರ ಸಾಲಪತ್ರ. ಗಿಟಾರಿನ ತಟ್ಟೆಯ ಹೊದಿಕೆಯ ಮೇಲಿನ ಆ ಎರಡು ಸಾಲು ಯಂತ್ರಯುಗದ ಸಾಲಪತ್ರ.

ಆ ಪತ್ರ ಈಗ ಕೈತಪ್ಪುತ್ತಿದೆ. ಫೋನಿನಲ್ಲಿ ವಾದ್ಯಸಂಗೀತ ಹುಡುಕಿದರೆ 'ನಿದ್ರೆಗೆ', 'ಓದಿಗೆ', 'ವಿಶ್ರಾಂತಿಗೆ' ಎಂಬ ಪಟ್ಟಿಗಳು ಎದುರಾಗುತ್ತವೆ. ಅವುಗಳೊಳಗೆ ಹಾಡೂ ವಾದಕನೂ ಒಟ್ಟಿಗೇ ಅನಾಮಿಕರಾಗುತ್ತಾರೆ. ಕಂಪ್ಯೂಟರು ಕ್ಷಣಾರ್ಧದಲ್ಲಿ ಯಾವ ಹಾಡನ್ನಾದರೂ ಯಾವ ವಾದ್ಯದಲ್ಲಾದರೂ ಕೇಳಿಸಬಲ್ಲ ಕಾಲ ಬಂದಿದೆ. ಅದಕ್ಕೆ ಹೆದರಬೇಕಿಲ್ಲ, ಕ್ಲಾವಿಯೊಲಿನ್ ಪುಂಗಿಯನ್ನು ಕೊಲ್ಲಲಿಲ್ಲ. ಯಾರ ಧಾಟಿ, ಯಾರ ಬೆರಳು ಎಂಬ ಎರಡು ಹೆಸರುಗಳನ್ನು ಬರೆದಿಡುವ ಅಭ್ಯಾಸವೊಂದು ಉಳಿದರೆ ಸಾಕು.

ಪರಊರಿನಲ್ಲಿರುವ ಕನ್ನಡಿಗರಾದ ನಮಗೆ ಈ ಕೆಲಸದಲ್ಲಿ ಒಂದು ಪಾಲಿದೆ. ಕೋಲ್ಕತ್ತದ ಯಾವುದೋ ಸಭೆಯಲ್ಲಿ 'ಆನಂದಲೋಕೆ' ಹಾಡಿದಾಗ, ಗಿಟಾರಿನಲ್ಲಿ 'ಬಡೊ ಆಶಾ ಕೊರೆ' ಕೇಳಿಬಂದಾಗ, ಪಕ್ಕದ ಬಂಗಾಳಿ ಗೆಳೆಯರಿಗೆ ಅದರ ತವರಿನ ಮಾತನ್ನು ಹೇಳಬಹುದು. ಇದು ನಮ್ಮದೆಂದು ಹಕ್ಕು ಸಾಧಿಸಲಿಕ್ಕಲ್ಲ. ಅದು ಈಗ ಅವರದೇ. ಮಗಳು ಮದುವೆಯಾಗಿ ಹೋದ ಮನೆಯ ಹೆಸರನ್ನೇ ಹೊತ್ತಿದ್ದಾಳೆ. ತವರು ಯಾವುದೆಂದು ಆ ಮನೆಯವರು ಬರೆದಿಟ್ಟಿದ್ದಾರೆ. ಓದಿ ಹೇಳುವವರು ಬೇಕಷ್ಟೆ. ಹಾಗೆಯೇ ಸುನೀಲ್ ಗಂಗೂಲಿ, ಬಟುಕ್ ನಂದಿ, ಕಾಜಿ ಅನಿರುದ್ಧ, ಬಾಲ್ಸಾರಾ ಎಂಬ ಹೆಸರುಗಳನ್ನು ನಮ್ಮ ಮಕ್ಕಳಿಗೂ ಹೇಳಬೇಕು. ಬಂಗಾಳಿ ಬಾರದ ನಮಗೆ ಬಂಗಾಳದ ಹಾಡನ್ನು ಮೊದಲು ಮುಟ್ಟಿಸಿದ ಬೆರಳುಗಳು ಅವು.